ಸಿಂಗಳೀಕ ಮತ್ತು ಮರದ ನೆಲಗಪ್ಪೆ: ಎರಡನ್ನೂ ಹೋಲಿಸಿ ನೋಡುವುದು ಹೇಗೆ

ಮೂರು ವರ್ಷದ ಹಿಂದೆ ನಮ್ಮ ಶಾಲೆಯಿಂದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದ ಚಾರ್ಟು ಹೀಗಿತ್ತು: ಎಡಗಡೆ ಸಿಂಗಳೀಕ, ಬಲಗಡೆ ಕಪ್ಪೆ, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ತೂಕ, ಬಣ್ಣ, ಆಹಾರ, ಮರಿಗಳ ಸಂಖ್ಯೆ. ಕೊನೆಯ ಸಾಲಿನಲ್ಲಿ ಎರಡೂ ಕಡೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಒಂದೇ ಮಾತು, ‘ಅಳಿವಿನಂಚಿನಲ್ಲಿದೆ’. ತೀರ್ಪುಗಾರರೊಬ್ಬರು ಕನ್ನಡಕ ಹಣೆಗೇರಿಸಿ ಚಾರ್ಟು ಓದಿ, “ಎರಡರಲ್ಲಿ ಯಾವುದಕ್ಕೆ ಜಾಸ್ತಿ ತೊಂದರೆ, ತಂಗೀ?” ಎಂದರು. ಒಂಬತ್ತನೇ ತರಗತಿಯ ಹುಡುಗಿ ನನ್ನ ಮುಖ ನೋಡಿದಳು. ನಾನು ಚಾರ್ಟಿನ ಮುಖ ನೋಡಿದೆ. ಅಲ್ಲಿ ಉತ್ತರ ಇರಲಿಲ್ಲ.

ಇನ್ನೊಂದು ಮರ್ಯಾದೆಗೇಡಿನ ವಿಷಯ ಮನೆಗೆ ಬಂದಮೇಲೆ ತಿಳಿಯಿತು. ಕಪ್ಪೆಯ ಕಡೆ ಅಂಟಿಸಿದ್ದ ಹಸಿರು ಬಣ್ಣದ ಚಂದದ ಫೋಟೋ ಮರದ ನೆಲಗಪ್ಪೆಯದ್ದೇ ಅಲ್ಲ, ಮಲಬಾರಿನ ಹಾರುವ ಕಪ್ಪೆಯದ್ದು. ಹುಡುಗಿಯ ತಪ್ಪಲ್ಲ. ಪೆನ್ ಡ್ರೈವಿನಲ್ಲಿ ಫೋಟೋ ಕೊಟ್ಟವಳು ನಾನೇ.

ಉತ್ತರ ಕನ್ನಡದ ಸಿದ್ದಾಪುರ ಸೀಮೆಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಆಮೇಲಿನ ಎರಡು ವರ್ಷ ಅದೇ ವಿಷಯವನ್ನು ಮಕ್ಕಳ ಜೊತೆ ಮತ್ತೆ ಮತ್ತೆ ಮಾಡಿದೆ. ಪ್ರಾಜೆಕ್ಟಿಗೋ ಸ್ವಂತ ಆಸಕ್ತಿಗೋ ಇಂಥ ಎರಡು ಜೀವಿಗಳನ್ನು ಹೋಲಿಸಬೇಕೆಂದಿರುವವರಿಗೆ ನಾವು ಎಡವಿದ ಜಾಗಗಳನ್ನೂ ದಾಟಿದ ಜಾಗಗಳನ್ನೂ ಹೇಳುತ್ತೇನೆ.

ಮೊದಲು ಯಾವ ಮಂಗ, ಯಾವ ಕಪ್ಪೆ?

ನಗಬೇಡಿ. ಅರ್ಧಕ್ಕರ್ಧ ಹೋಲಿಕೆಗಳು ಹಾಳಾಗುವುದು ಇಲ್ಲಿಯೇ.

ಸಿಂಗಳೀಕ ಅಂದರೆ ನಮ್ಮ ಕಾನಿನ ಕರಿ ಮೈಯ, ಮುಖದ ಸುತ್ತ ಬೂದುಬಿಳಿ ಕೇಸರವಿರುವ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಗೊಂಡೆ ಇರುವ ಮಂಗ. ಪುಸ್ತಕದ ಹೆಸರು ಸಿಂಹಬಾಲದ ಕೋತಿ, ವೈಜ್ಞಾನಿಕ ಹೆಸರು ಮಕಾಕಾ ಸೈಲೆನಸ್. 1758ರಲ್ಲಿ ಲಿನೇಯಸ್ ಇಟ್ಟ ಹೆಸರು. ತೊಂದರೆ ಏನೆಂದರೆ, ಬಯಲುಸೀಮೆಯ ಕಡೆ ಮುಸುವನಿಗೂ ಸಿಂಗಳೀಕ ಎನ್ನುತ್ತಾರೆ. ನೆಂಟರ ಮನೆಯಲ್ಲಿ ‘ನಮ್ಮ ಹೆಂಚಿನ ಮೇಲೆ ದಿನಾ ಸಿಂಗಳೀಕ ಬರ್ತದೆ’ ಅಂದರೆ ಅದು ಮುಸುವ. ಬಾಲ ನೋಡಿ: ಮುಸುವನ ಬಾಲ ಮೈಗಿಂತ ಉದ್ದ, ಕೊಂಕಿಸಿಕೊಂಡು ಓಡಾಡುತ್ತದೆ. ಸಿಂಗಳೀಕದ ಬಾಲ ಮೈಗಿಂತ ಗಿಡ್ಡ. ಮುಸುವನ ಮುಖ ಕಪ್ಪಾದರೂ ಮೈ ಬೂದು, ಇದರದ್ದು ಮುಖವೂ ಮೈಯೂ ಕಪ್ಪು. ಸಿಂಗಳೀಕದ ಕೆನ್ನೆಯಲ್ಲಿ ಚೀಲವಿದೆ. ಸಿಕ್ಕ ಹಣ್ಣನ್ನು ಅಲ್ಲಿ ತುಂಬಿಕೊಂಡು ನಿಧಾನಕ್ಕೆ ತಿನ್ನುತ್ತದೆ. ಮುಸುವನಿಗೆ ಆ ಚೀಲವಿಲ್ಲ.

ಕಪ್ಪೆಯ ಹೆಸರಿನದ್ದು ಇನ್ನೂ ತಮಾಷೆ. ಇಂಗ್ಲಿಷಿನ ಟೋಡ್ ಎಂಬುದಕ್ಕೆ ನಮ್ಮ ಪಠ್ಯದಲ್ಲಿ ನೆಲಗಪ್ಪೆ ಎಂದಿದೆ. ಮನೆಯ ಅಂಗಳದಲ್ಲಿ ದೀಪದ ಹುಳ ತಿನ್ನಲು ಬಂದು ಕೂರುವ, ಮೈತುಂಬ ಗುಳ್ಳೆಯ ಕಪ್ಪೆ ಅದು. ಈಗ ಮರದ ಮೇಲೆ ಇರುವ ಟೋಡ್ ಒಂದು ಸಿಕ್ಕಿದರೆ ಏನೆನ್ನಬೇಕು? ಮರದ ನೆಲಗಪ್ಪೆ! ಹುಡುಗರು ಪ್ರತಿವರ್ಷ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಬರೀ ‘ಮರಗಪ್ಪೆ’ ಎಂದು ಬರೆದರೆ ನನ್ನ ಫೋಟೋದ ಗತಿಯೇ ಆಗುತ್ತದೆ, ಯಾಕೆಂದರೆ ಮರಗಪ್ಪೆ ಎನ್ನುವುದು ಬೇರೆಯದೇ ಕುಟುಂಬ. ನೆಲಗಪ್ಪೆ ಕುಟುಂಬದವಕ್ಕೆ ಮೇಲ್ದವಡೆಯಲ್ಲಿಯೂ ಹಲ್ಲಿಲ್ಲ, ಹೆಚ್ಚಿನವಕ್ಕೆ ಕಣ್ಣಿನ ಹಿಂದೆ ವಿಷಗ್ರಂಥಿಯ ಉಬ್ಬು ಇರುತ್ತದೆ. ನಮ್ಮದರ ವೈಜ್ಞಾನಿಕ ಹೆಸರು ಪೆಡೋಸ್ಟಿಬಿಸ್ ಟ್ಯುಬರ್ಕ್ಯುಲೋಸಸ್. ಮಲಬಾರಿನಲ್ಲಿ ಸಿಕ್ಕ ಮಾದರಿಯನ್ನು ನೋಡಿ 1875ರಲ್ಲಿ ಗುಂಥರ್ ಎಂಬ ವಿಜ್ಞಾನಿ ವಿವರಿಸಿದ್ದು. ಆಗ್ನೇಯ ಏಷ್ಯಾದ ಕೆಲವು ಕಪ್ಪೆಗಳೂ ಇದೇ ಕುಲದಲ್ಲಿದ್ದವು. ಕೆಲವು ವರ್ಷದ ಹಿಂದೆ ಅವನ್ನು ಬೇರೆ ಕುಲಕ್ಕೆ ಕಳಿಸಿದ ಮೇಲೆ ಇದು ಒಂಟಿಯಾಯಿತು.

ಗಾತ್ರ ಸುಮಾರು ನಾಲ್ಕು ಸೆಂಟಿಮೀಟರ್. ನಿಮ್ಮ ಹೆಬ್ಬೆರಳಿನ ಮೇಲಿನ ಗೆಣ್ಣಿಗಿಂತ ಸ್ವಲ್ಪ ದೊಡ್ಡದು. ನಾನು ಮೊದಲ ಸಲ ನೋಡಿದ್ದು ಜೂನಿನ ಒಂದು ರಾತ್ರಿ, ಹಳ್ಳದ ಪಕ್ಕದ ಗಿಡದ ಎಲೆಯ ಮೇಲೆ. ಒದ್ದೆ ಮರದ ತೊಗಟೆಯ ಚೂರು ಬಿದ್ದಿದೆ ಎಂದುಕೊಂಡೆ. ಕೆಂಪುಗಂದು ಬೆನ್ನು, ಸಣ್ಣ ಸಣ್ಣ ಗುಳ್ಳೆ, ಪಕ್ಕೆಯ ಗುಂಟ ಸುಣ್ಣದ ಬೆರಳಿಂದ ಎಳೆದ ಹಾಗೆ ಬಿಳಿ ಪಟ್ಟಿ. ಬೆರಳಿನ ತುದಿಗಳು ಅಂಗಳದ ನೆಲಗಪ್ಪೆಯ ಹಾಗೆ ಚೂಪಲ್ಲ, ಹಿಡಿದುಕೊಳ್ಳಲು ಅಗಲವಾಗಿ ಚಪ್ಪಟೆ. ಟಾರ್ಚಿನ ಬೆಳಕು ಬಿದ್ದರೂ ಅದು ಹಾರಲಿಲ್ಲ. ಗಂಟಲು ಮಾತ್ರ ಮಿಡಿಯುತ್ತಿತ್ತು.

ಕೆಂಪು ಪಟ್ಟಿಯಲ್ಲಿ ಪದ ಬಿಟ್ಟು ಅಕ್ಷರ ಓದಿ

ಪತ್ರಿಕೆಗಳಲ್ಲಿ ಹುಲಿಗೂ ಅಳಿವಿನಂಚು, ಗುಬ್ಬಿಗೂ ಅಳಿವಿನಂಚು. ಯಾವ ಜೀವಿ ಅಳಿಯುವ ಅಪಾಯ ಎಷ್ಟಿದೆ ಎಂದು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಹಾಗಲ್ಲ, ಅಪಾಯ ಏರುತ್ತ ಹೋಗುವ ಮೆಟ್ಟಿಲುಗಳಿವೆ: ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್. ಸಿಂಗಳೀಕ ಇರುವುದು ನಡುವಿನ ಮೆಟ್ಟಿಲಲ್ಲಿ. ಮರದ ನೆಲಗಪ್ಪೆಯನ್ನು 2004ರ ಮೌಲ್ಯಮಾಪನದಲ್ಲಿ ಕೂರಿಸಿದ್ದೂ ಅದೇ ಮೆಟ್ಟಿಲಲ್ಲಿ. ಇಷ್ಟು ಓದಿ ನಿಲ್ಲಿಸಿದರೆ ‘ಎರಡಕ್ಕೂ ಸಮ ಅಪಾಯ’ ಎಂದು ಬರೆದು ಬರುತ್ತೀರಿ, ನಾವು ಬರೆದ ಹಾಗೆ.

ಮೆಟ್ಟಿಲಿನ ಹೆಸರಿನ ಪಕ್ಕ ಒಂದು ಸಂಕೇತ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ನಿಜವಾದ ಹೋಲಿಕೆ ಶುರುವಾಗುವುದು ಅಲ್ಲಿಂದ. ಅಕ್ಷರಗಳ ಅರ್ಥ ಸರಳ: ಎ ಅಂದರೆ ಸಂಖ್ಯೆ ಎಷ್ಟು ಬೇಗ ಇಳಿಯುತ್ತಿದೆ, ಬಿ ಅಂದರೆ ಇರುವ ಜಾಗ ಎಷ್ಟು ಸಣ್ಣದು, ಸಿ ಅಂದರೆ ಸಂಖ್ಯೆಯೂ ಸಣ್ಣದು ಮತ್ತು ಇಳಿಯುತ್ತಲೂ ಇದೆ, ಡಿ ಅಂದರೆ ಬೆರಳೆಣಿಕೆಗೆ ಬಂದಿದೆ, ಇ ಅಂದರೆ ಅಳಿಯುವ ಸಾಧ್ಯತೆಯನ್ನೇ ಲೆಕ್ಕ ಹಾಕಿದೆ.

ಸಿಂಗಳೀಕಕ್ಕೆ ಸಿಕ್ಕಿರುವುದು ಸಿ. ಇಡೀ ಪಶ್ಚಿಮಘಟ್ಟದಲ್ಲಿ, ಅಂದರೆ ಇಡೀ ಜಗತ್ತಿನ ಕಾಡಿನಲ್ಲಿ, ಅವು ಇರುವುದು 4,000ಕ್ಕಿಂತ ಕಡಿಮೆ. ಅವುಗಳಲ್ಲಿ ಪ್ರಾಯಕ್ಕೆ ಬಂದವು 2,500ರೊಳಗೆ. ಜೊತೆಗೆ ಅವು ಒಂದೇ ಕಡೆ ಇಲ್ಲ, ತುಂಡು ತುಂಡು ಕಾಡಿನಲ್ಲಿ ಹಂಚಿಹೋಗಿವೆ. ಯಾವ ತುಂಡಿನಲ್ಲಿಯೂ ಪ್ರಾಯದವು 250ಕ್ಕಿಂತ ಹೆಚ್ಚಿಲ್ಲ ಎನ್ನುವುದು ಆ ಸಂಕೇತದ ಒಳಗಿನ ಮಾತು.

ಮರದ ನೆಲಗಪ್ಪೆಗೆ ಆಗ ಸಿಕ್ಕಿದ್ದು ಬಿ. ಯಾರೂ ಅದನ್ನು ಎಣಿಸಿಲ್ಲ, ಎಣಿಸುವ ಹಾಗೂ ಇಲ್ಲ. ಅದು ಹರಡಿರುವ ಜಾಗ 5,000 ಚದರ ಕಿಲೋಮೀಟರಿಗಿಂತ ಕಡಿಮೆ, ಅದರಲ್ಲಿಯೂ ನಿಜಕ್ಕೂ ವಾಸ ಮಾಡುವ ಜಾಗ 500ಕ್ಕಿಂತ ಕಡಿಮೆ, ಆ ಜಾಗವೂ ಹರಿದು ಚೂರಾಗಿದೆ ಎಂಬ ಲೆಕ್ಕದ ಮೇಲೆ ಆ ಮೆಟ್ಟಿಲು.

ಮಕ್ಕಳಿಗೆ ನಾನು ಹೇಳುವುದು ಹೀಗೆ: ಒಬ್ಬನ ಹತ್ತಿರ ದುಡ್ಡು ಕಡಿಮೆ ಇದೆ, ಇನ್ನೊಬ್ಬನ ಮನೆಯೇ ಕುಸಿಯುತ್ತಿದೆ. ಇಬ್ಬರ ಮನೆ ಬಾಗಿಲಿಗೂ ‘ಕಷ್ಟದಲ್ಲಿದ್ದಾರೆ’ ಎಂಬ ಒಂದೇ ಚೀಟಿ ಅಂಟಿಸಿದ್ದಾರೆ. ನೀವು ಚೀಟಿ ಹೋಲಿಸುತ್ತೀರೋ, ಕಷ್ಟ ಹೋಲಿಸುತ್ತೀರೋ?

ಇದರ ಜೊತೆಗೇ ಮೌಲ್ಯಮಾಪನದ ವರ್ಷವನ್ನೂ ಬರೆದುಕೊಳ್ಳಿ. ಮಂಗಗಳ ಮಾಹಿತಿ ಮತ್ತೆ ಮತ್ತೆ ನವೀಕರಣ ಆಗುತ್ತದೆ, ಕಪ್ಪೆಯದ್ದು ಅಷ್ಟು ಬೇಗ ಆಗುವುದಿಲ್ಲ. ಹೊಸದಾಗಿ ಪ್ರಾಜೆಕ್ಟು ಮಾಡುವವರು ಕೆಂಪು ಪಟ್ಟಿಯ ಜಾಲತಾಣದಲ್ಲಿ ಆಯಾ ಪುಟವನ್ನು ಅವತ್ತೇ ತೆರೆದು ವರ್ಷ ನೋಡಬೇಕು.

ಮರಿಗಳ ಲೆಕ್ಕ: ಇಲ್ಲಿ ಎಲ್ಲರೂ ಬೀಳುತ್ತಾರೆ

‘ಸಿಂಗಳೀಕ ಒಂದು ಮರಿ ಹಾಕುತ್ತದೆ, ಕಪ್ಪೆ ನೂರಾರು ಮೊಟ್ಟೆ ಇಡುತ್ತದೆ, ಆದ್ದರಿಂದ ಕಪ್ಪೆ ಸುರಕ್ಷಿತ.’ ಇದನ್ನು ನಾನು ಎಷ್ಟು ಉತ್ತರಪತ್ರಿಕೆಯಲ್ಲಿ ನೋಡಿದ್ದೇನೋ! ಮೇಲ್ನೋಟಕ್ಕೆ ಸರಿ ಅನ್ನಿಸುವುದೇ ಇದರ ಕೇಡು.

ಸಿಂಗಳೀಕದ್ದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿಸಿ. ಇಪ್ಪತ್ತು ಮಂಗಗಳ ಗುಂಪು ಅಂದುಕೊಳ್ಳಿ. ಅದರಲ್ಲಿ ಗಂಡು ಒಂದೋ ಎರಡೋ, ತಾಯಂದಿರು ಆರು, ಉಳಿದವು ಮರಿ, ಹರೆಯದವು. ಹೆಣ್ಣು ಮೊದಲ ಮರಿ ಹಾಕುವುದು ಆರು ವರ್ಷ ದಾಟಿದ ಮೇಲೆ. ಬಸಿರು ಐದೂವರೆ ಆರು ತಿಂಗಳು. ಒಂದು ಮರಿಗೂ ಇನ್ನೊಂದಕ್ಕೂ ಹತ್ತಿರ ಹತ್ತಿರ ಮೂರು ವರ್ಷದ ಅಂತರ. ಹಾಗಾದರೆ ಆರು ತಾಯಂದಿರಿಂದ ವರ್ಷಕ್ಕೆ ಎಷ್ಟು ಮರಿ? ಎರಡು. ಇಡೀ ಗುಂಪಿಗೆ ಎರಡು, ಅವೆರಡೂ ಬದುಕಿದರೆ. ಈಗ ರಸ್ತೆ ದಾಟುವಾಗ ಒಂದು ತಾಯಿ ಗಾಡಿಗೆ ಸಿಕ್ಕಿತು ಅನ್ನಿ. ಅದರ ಜಾಗಕ್ಕೆ ಇವತ್ತು ಹುಟ್ಟಿದ ಹೆಣ್ಣುಮರಿ ಬಂದು ನಿಲ್ಲಲು ಆರು ವರ್ಷಕ್ಕೂ ಹೆಚ್ಚು ಬೇಕು. ಈ ಲೆಕ್ಕ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನವರೂ ಸುಮ್ಮನಾಗಿರುತ್ತಾರೆ.

ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ಉಳಿಯುತ್ತವೆ, ಗಂಡುಗಳು ದೊಡ್ಡವಾದ ಮೇಲೆ ಬೇರೆ ಗುಂಪು ಹುಡುಕಿ ಹೋಗುತ್ತವೆ. ಇದನ್ನು ಮರೆಯದೆ ಸೇರಿಸಿ, ಯಾಕೆಂದರೆ ಕಾಡಿನ ನೆತ್ತಿ ಕಡಿದರೆ ಏನಾಗುತ್ತದೆ ಎಂಬುದು ಇದರಿಂದಲೇ ತಿಳಿಯುವುದು. ಸಿಂಗಳೀಕ ಬಹುತೇಕ ಬದುಕನ್ನು ಕೊಂಬೆಯಿಂದ ಕೊಂಬೆಗೆ ಕಳೆಯುವ ಪ್ರಾಣಿ. ಕೊಂಬೆ ಮುಗಿದಲ್ಲಿ ಗಂಡಿನ ದಾರಿಯೂ ಮುಗಿಯಿತು. ತಮಿಳುನಾಡಿನ ವಾಲ್ಪಾರೈ ಕಡೆ ಟೀ ತೋಟಗಳ ನಡುವಿನ ಕಾಡಿನ ತುಂಡುಗಳಲ್ಲಿ ಉಳಿದ ಗುಂಪುಗಳಿಗೆ ರಸ್ತೆಯ ಮೇಲೆ ಹಗ್ಗದ, ಕ್ಯಾನ್ವಾಸಿನ ಸೇತುವೆ ಕಟ್ಟಬೇಕಾಗಿ ಬಂದಿದೆ.

ನೆಲಗಪ್ಪೆಯ ಲೆಕ್ಕವನ್ನು ಹೀಗೆ ಮಾಡಲಾಗದು, ಮಾಡಬೇಡಿ. ಅದರ ಪ್ರಶ್ನೆ ‘ಎಷ್ಟು ಮೊಟ್ಟೆ’ ಎನ್ನುವುದಲ್ಲ, ‘ಎಷ್ಟು ಹೊಂಡ’ ಎನ್ನುವುದು. ವರ್ಷವಿಡೀ ಮರದ ಮೇಲೆ, ಪೊಟರೆಯಲ್ಲಿ ಇರುವ ಕಪ್ಪೆ ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಕಾಡುಹಳ್ಳದ ಹತ್ತಿರ ಇಳಿಯುತ್ತದೆ. ನೀರು ರಭಸವಾಗಿ ಹರಿಯದ ಸಣ್ಣ ಹೊಂಡದಲ್ಲಿ ದಾರದಲ್ಲಿ ಪೋಣಿಸಿದ ಸರದ ಹಾಗೆ ಮೊಟ್ಟೆ ಇಡುತ್ತದೆ. ಆ ಹೊಂಡ ಒಣಗಿದರೆ, ಮಣ್ಣು ತುಂಬಿದರೆ, ನೂರಾರು ಎಂಬ ನಿಮ್ಮ ಅಂಕಿ ಒಂದೇ ರಾತ್ರಿಗೆ ಸೊನ್ನೆ. ಮಂಗದ ಗುಂಪಿನಲ್ಲಿ ನಷ್ಟ ಒಂದೊಂದಾಗಿ ಬರುತ್ತದೆ, ಇಲ್ಲಿ ಇಡೀ ವರ್ಷದ ಪೀಳಿಗೆಯೇ ಹೋಗುತ್ತದೆ. ಒಂದು ವರ್ಷ ತಪ್ಪಿದರೂ ಮರುವರ್ಷ ಒಳ್ಳೆಯ ಮಳೆಯಾದರೆ ಕಪ್ಪೆ ಚೇತರಿಸಿಕೊಳ್ಳಬಹುದು. ಮಂಗಕ್ಕೆ ಆ ಅವಕಾಶವಿಲ್ಲ. ಚಾರ್ಟಿನಲ್ಲಿ ಬರಬೇಕಾದದ್ದು ಈ ವ್ಯತ್ಯಾಸ, ಒಂದು ಮತ್ತು ನೂರು ಎಂಬ ಅಂಕಿಗಳಲ್ಲ.

ನೋಡಲು ಹೋಗುವವರಿಗೆ

ಎರಡನ್ನೂ ಒಂದೇ ದಿನ ನೋಡುತ್ತೇನೆ ಎಂದು ಹೊರಡಬೇಡಿ. ಒಂದು ಹಗಲಿನದ್ದು, ಒಂದು ಇರುಳಿನದ್ದು. ಒಂದಕ್ಕೆ ಕತ್ತೆತ್ತಬೇಕು, ಒಂದಕ್ಕೆ ಬಗ್ಗಬೇಕು.

ಸಿಂಗಳೀಕಕ್ಕೆ ಬೆಳಗ್ಗೆ ಬೇಗ. ಮೊದಲು ಕಣ್ಣಿಗಿಂತ ಕಿವಿ: ಕೊಂಬೆ ಬಾಗಿ ಬಿಟ್ಟ ಸದ್ದು, ಆಮೇಲೆ ಅರ್ಧ ತಿಂದ ಹಣ್ಣು ತಪತಪ ಬೀಳುವ ಸದ್ದು. ಬಿದ್ದದ್ದನ್ನು ಹೆಕ್ಕಿ ಯಾವ ಮರದ್ದು ಎಂದು ಬರೆದುಕೊಳ್ಳಿ. ಆಹಾರದ ಪಟ್ಟಿಯನ್ನು ಪುಸ್ತಕದಿಂದ ನಕಲು ಮಾಡುವುದಕ್ಕಿಂತ ಇದು ನೂರು ಪಾಲು ಮೇಲು. ದಕ್ಷಿಣದ ಕಾಡುಗಳಲ್ಲಿ ಅವು ನೆಚ್ಚಿಕೊಂಡ ಕುಲ್ಲೇನಿಯಾ ಮರ ನಮ್ಮ ಕಡೆ ಇಲ್ಲ, ಇಲ್ಲಿಯವುಗಳ ಊಟದ ಎಲೆಯೇ ಬೇರೆ. ಒಮ್ಮೆ ಒಂದು ಹೆಣ್ಣು ಒಣಗಿದ ಕೊಂಬೆಯ ತೊಗಟೆಯನ್ನು ಉಗುರಿನಿಂದ ಬಿಡಿಸಿ, ಒಳಗಿನ ಹುಳವನ್ನು ಎರಡು ಬೆರಳಲ್ಲಿ ಹಿಡಿದು ಬಾಯಿಗೆ ಹಾಕಿಕೊಳ್ಳುವುದನ್ನು ಹತ್ತು ನಿಮಿಷ ನೋಡಿದೆವು. ನಮ್ಮಮ್ಮ ಹಲಸಿನ ತೊಳೆಯಿಂದ ಬೀಜ ಬಿಡಿಸಿದಷ್ಟೇ ತಾಳ್ಮೆ. ತಿಂಡಿ ಕೊಡಬೇಡಿ, ಒಂದು ಬಾಳೆಹಣ್ಣೂ ಬೇಡ. ರಸ್ತೆಬದಿಗೆ ಇಳಿಯುವುದನ್ನು ಕಲಿತ ಸಿಂಗಳೀಕ ಹೆಚ್ಚು ದಿನ ಬಾಳುವುದಿಲ್ಲ.

ಡಿಸೆಂಬರಿನಿಂದ ಮೇ ತನಕ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. ಕಾಡಿಗೆ ಹೋಗುವ ಮೊದಲು ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಬಂದಮೇಲೆ ಬಿಸಿನೀರಿನ ಸ್ನಾನ ಮಾಡಿ, ಈ ಕಾಯಿಲೆ ಹರಡುವ ಉಣ್ಣೆ ಹುಳ (ಉಣುಗು) ಬಟ್ಟೆಯಲ್ಲಿ ಇದೆಯೇ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸುದ್ದಿ ಮುಟ್ಟಿಸಿ. ಆ ಕಾಯಿಲೆಯಿಂದ ಸಾಯುವುದು ಹೆಚ್ಚಾಗಿ ಮುಸುವ ಮತ್ತು ಸಾಮಾನ್ಯ ಮಂಗ. ಆದರೂ ‘ಮಂಗ’ ಎಂಬ ಒಂದೇ ಹೆಸರಿನಿಂದ ಸಿಂಗಳೀಕಕ್ಕೂ ಊರಿನಲ್ಲಿ ಕೆಟ್ಟ ಹೆಸರು ಬಂದಿದೆ.

ಕಪ್ಪೆಗೆ ಜೂನ್, ಸಂಜೆ ಏಳರ ಮೇಲೆ. ರಾತ್ರಿ ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮಕ್ಕಳಿದ್ದರಂತೂ ಕಡ್ಡಾಯ. ನಾವು ಊರಂಚಿನ ಹಳ್ಳದ ದಾರಿಯನ್ನಷ್ಟೇ ಹಿಡಿಯುತ್ತೇವೆ, ಹೆತ್ತವರಲ್ಲಿ ಇಬ್ಬರಾದರೂ ಜೊತೆಗಿರುತ್ತಾರೆ. ಉಂಬಳಕ್ಕೆ (ಜಿಗಣೆಗೆ) ಸುಣ್ಣ ಮತ್ತು ತಂಬಾಕಿನ ಪುಡಿ, ತಲೆಗೆ ಕಟ್ಟುವ ಟಾರ್ಚು, ಫೋನಿನಲ್ಲಿ ಸದ್ದು ಮುದ್ರಿಸಿಕೊಳ್ಳುವ ಆ್ಯಪ್. ಇದರ ಕೂಗನ್ನು ನಾನು ಮೊದಲು ಹುಳದ ಸದ್ದೆಂದೇ ತಿಳಿದಿದ್ದೆ. ಮುದ್ರಿಸಿಕೊಂಡು ಮನೆಯಲ್ಲಿ ಹೋಲಿಸಿ ನೋಡುವುದು ಒಳ್ಳೆಯದು. ಮುಟ್ಟಬೇಡಿ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನಿಮ್ಮ ಕೈಯ ಉಪ್ಪು, ಸೊಳ್ಳೆಯ ಕ್ರೀಮು ಎಲ್ಲ ಅದರ ಒಳಗೇ ಹೋಗುತ್ತದೆ. ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವಾಗ ಬೂಟಿನ ಕೆಸರು ತಿಕ್ಕಿ ತೊಳೆದು ಒಣಗಿಸಿ. ಜಗತ್ತಿನ ಎಷ್ಟೋ ಕಡೆ ಕಪ್ಪೆಗಳನ್ನು ನಿರ್ನಾಮ ಮಾಡಿದ ಕೈಟ್ರಿಡ್ ಶಿಲೀಂಧ್ರ ಪಶ್ಚಿಮಘಟ್ಟದಲ್ಲಿಯೂ ಪತ್ತೆಯಾಗಿದೆ. ಅದನ್ನು ಹೊತ್ತು ತಿರುಗುವವರು ನಾವಾಗಬಾರದು.

ಕ್ಯಾಲೆಂಡರ್ ಮಾಡಿ, ಕೋಷ್ಟಕ ಬಿಡಿ

ನಮ್ಮ ಹೋಲಿಕೆಗೆ ಜೀವ ಬಂದದ್ದು ಎರಡನೇ ವರ್ಷ, ಅಡುಗೆಮನೆಯ ಕ್ಯಾಲೆಂಡರಿನಿಂದ. ಎರಡು ಕಾಲಂ ಕೋಷ್ಟಕದಲ್ಲಿ ಮನುಷ್ಯ ಎಲ್ಲಿಯೂ ಇರುವುದಿಲ್ಲ, ಅದೇ ಅದರ ದೊಡ್ಡ ಕೊರತೆ. ಡ್ರಾಯಿಂಗ್ ಶೀಟಿನಲ್ಲಿ ದೊಡ್ಡ ವೃತ್ತ ಎಳೆದು ಹನ್ನೆರಡು ತಿಂಗಳ ಹೋಳು ಮಾಡಿ. ಒಳಗೆ ಮೂರು ಬಳೆ. ಒಂದರಲ್ಲಿ ಸಿಂಗಳೀಕ ಏನು ತಿನ್ನುತ್ತದೆ, ಎಲ್ಲಿರುತ್ತದೆ. ಇನ್ನೊಂದರಲ್ಲಿ ಕಪ್ಪೆ ಮರದ ಮೇಲೋ ನೀರ ಹತ್ತಿರವೋ. ಹೊರಗಿನ ಬಳೆಯಲ್ಲಿ ಊರಿನವರು ಕಾಡಿನಲ್ಲಿ, ತೋಟದಲ್ಲಿ ಏನು ಮಾಡುತ್ತಾರೆ. ಹೊರಗಿನ ಬಳೆಯನ್ನು ಮಕ್ಕಳು ಮನೆಯಲ್ಲಿ ಕೇಳಿಕೊಂಡು ತುಂಬಬೇಕು, ಗೂಗಲ್‌ನಲ್ಲಿ ಸಿಗುವುದಿಲ್ಲ.

ತುಂಬಿದಾಗ ಏನೇನು ಒಂದರ ಮೇಲೊಂದು ಬಂತು ನೋಡಿ.

ಮಳೆಗಾಲದಲ್ಲಿ ಉಪ್ಪಾಗೆ ಎಂಬ ಹುಳಿಹಣ್ಣು. ಸಿದ್ದಾಪುರ, ಶಿರಸಿ ಕಡೆಯ ಕಾಡಿನಿಂದ ಉಪ್ಪಾಗೆ ಕೊಯ್ದು ಸಿಪ್ಪೆ ಒಣಗಿಸಿ ಮಾರುವುದು ಎಷ್ಟೋ ಮನೆಗಳ ಆದಾಯ. ತೂಕ ಇಳಿಸುವ ಔಷಧಿಗೆಂದು ಹೊರದೇಶದಲ್ಲಿ ಬೇಡಿಕೆ ಹುಟ್ಟಿದ ಮೇಲೆ ಪೈಪೋಟಿ ಜೋರಾಯಿತು. ಹಣ್ಣಾಗುವ ಮೊದಲೇ ಕೊಯ್ಯುವುದು, ಕೊಂಬೆ ಕಡಿಯುವುದು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಸುವುದು. ಅದೇ ಹಣ್ಣು ಸಿಂಗಳೀಕದ ಮಳೆಗಾಲದ ಆಹಾರವೂ ಹೌದು. ಕಪ್ಪೆಗೆ ಉಪ್ಪಾಗೆಯಿಂದ ನೇರ ಸಂಬಂಧವಿಲ್ಲ, ಸೌದೆಗೆ ಹೋದ ಮರದ ಪೊಟರೆಯಿಂದ ಇದೆ.

ಅದೇ ಜೂನಿನಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು. ಕೊನೆಗೌಡ ಮರ ಹತ್ತಿ ಒಂದೊಂದೇ ಅಡಿಕೆ ಗೊನೆಗೆ ಹೊಡೆಯುತ್ತಾನೆ. ಹೊಡೆದಾದ ಮೇಲೆ ಡ್ರಮ್ಮು, ಪೈಪು ತೊಳೆಯುವುದೆಲ್ಲಿ? ಹಳ್ಳದಲ್ಲಿ. ಮೈಲುತುತ್ತದಲ್ಲಿರುವುದು ತಾಮ್ರ. ತಾಮ್ರ ಗೊದಮೊಟ್ಟೆಗಳಿಗೆ ವಿಷ. ಸಿಂಗಳೀಕದ ಬಳೆಯಲ್ಲಿ ಈ ಹೋಳು ಖಾಲಿ, ಕಪ್ಪೆಯ ಬಳೆಯಲ್ಲಿ ಕೆಂಪು.

ಚಾರ್ಟಿನ ಹುಡುಗಿ ಇದನ್ನು ಮನೆಗೆ ಒಯ್ದು ಅಪ್ಪನಿಗೆ ತೋರಿಸಿದ್ದಳು. ಮರುದಿನ ಅವರೇ ಶಾಲೆಯ ಗೇಟಿನ ಹತ್ತಿರ ಬೈಕು ನಿಲ್ಲಿಸಿ, “ಎಂತ ಮಾಡದು ಅಕ್ಕೋರೆ, ಹೊಡೀದೇ ಇದ್ರೆ ಕೊಳೆ ಬತ್ತು” ಎಂದರು. ನಮ್ಮ ಮನೆಯಲ್ಲಿಯೂ ತೋಟ ಇದೆ, ಔಷಧಿ ಬಿಡಿ ಎಂದು ಹೇಳುವ ಬಾಯಿ ನನಗೂ ಇಲ್ಲ. “ಹೊಡೀರಿ, ಡ್ರಮ್ಮು ಹಳ್ಳದಾಗೆ ತೊಳೀಬೇಡಿ” ಎಂದೆ. ಕೆಲವು ಮನೆಯವರು ಈಗ ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಕಟ್ಟಿಸುತ್ತಾರೆ, ಅಲ್ಲಿ ಔಷಧಿಯ ಪ್ರಶ್ನೆಯೇ ಕಡಿಮೆ. ಆದರೆ ಕೊಟ್ಟೆ ಕಟ್ಟುವ ಆಳು ಸಿಗುವುದು ಔಷಧಿ ಹೊಡೆಯುವ ಆಳಿಗಿಂತ ಕಷ್ಟ.

ಬೇಸಿಗೆಯ ಹೋಳಿನಲ್ಲಿ ದರಕು. ಸೊಪ್ಪಿನಬೆಟ್ಟದಿಂದ, ಕಾಡಿನಿಂದ ಒಣ ಎಲೆ ಗುಡಿಸಿ ಕೊಟ್ಟಿಗೆಗೆ, ತೋಟಕ್ಕೆ ತರುವ ಕೆಲಸ. ಮರದ ನೆತ್ತಿಯಲ್ಲಿರುವ ಮಂಗಕ್ಕೆ ಇದು ಗೊತ್ತೂ ಆಗುವುದಿಲ್ಲ. ಎಲೆ ಹೋದರೆ ನೆಲದ ತೇವ ಹೋಗುತ್ತದೆ, ಮೊದಲ ಮಳೆಗೆ ಮಣ್ಣು ಕೊಚ್ಚಿ ಹಳ್ಳದ ಹೊಂಡಕ್ಕೆ ಬರುತ್ತದೆ. ಕಪ್ಪೆಯ ಹೊಂಡಕ್ಕೆ.

ಆ ವರ್ಷ ಮತ್ತೊಬ್ಬ ತೀರ್ಪುಗಾರರು ಹೆಚ್ಚುಕಡಿಮೆ ಅದೇ ಪ್ರಶ್ನೆ ಕೇಳಿದರು. ಹುಡುಗಿ ವೃತ್ತವನ್ನು ತಿರುಗಿಸಿ ಜೂನನ್ನು ಅವರ ಮುಂದೆ ತಂದು, “ಈ ತಿಂಗಳು ಕಪ್ಪೆಗೆ ಸರ್. ಮಂಗಕ್ಕೆ ಹನ್ನೆರಡೂ ತಿಂಗಳು, ಆದ್ರೆ ನಿಧಾನಕ್ಕೆ” ಎಂದಳು. ಬಹುಮಾನ ಬರಲಿಲ್ಲ. ಹೈಡ್ರಾಲಿಕ್ ಜೆಸಿಬಿ ಮಾದರಿಗೆ ಹೋಯಿತು, ಪ್ರತಿವರ್ಷದ ಹಾಗೆ.

ಒಂದರ ಕೊಡೆಯಡಿ ಇನ್ನೊಂದು ಹಿಡಿಯುತ್ತದೆಯೇ?

ಹೋಲಿಕೆ ಮಾಡುವವರು ಕೊನೆಗೆ ಈ ಪ್ರಶ್ನೆಯನ್ನು ಕೇಳಿಕೊಳ್ಳದಿದ್ದರೆ ಎರಡು ಜೀವಿಗಳನ್ನು ಪಕ್ಕಪಕ್ಕ ಇಟ್ಟದ್ದೇ ದಂಡ.

ಕೇರಳದ ಸೈಲೆಂಟ್ ವ್ಯಾಲಿಯಲ್ಲಿ 1970ರ ದಶಕದಲ್ಲಿ ಜಲವಿದ್ಯುತ್ ಯೋಜನೆ ಬರುವುದಿತ್ತು. ಅದರ ವಿರುದ್ಧದ ಹೋರಾಟದ ಮುಖ ಸಿಂಗಳೀಕ. ಯೋಜನೆ ನಿಂತು, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಆ ಕಾಡಿನ ಕಪ್ಪೆಗಳೂ ಹಾವುಗಳೂ ಮರಗಳೂ ಮಂಗದ ಹೆಸರಿನಲ್ಲಿ ಉಳಿದವು. ನಾಲ್ಕು ಸೆಂಟಿಮೀಟರಿನ ಕಪ್ಪೆಯ ಚಿತ್ರ ಹಿಡಿದು ಯಾರು ಮೆರವಣಿಗೆ ಹೋಗುತ್ತಿದ್ದರು?

ನಮ್ಮಲ್ಲಿಯೂ ಅದೇ ಕಥೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಎಚ್.ಎನ್. ಕುಮಾರ ಅವರು 2000ರ ದಶಕದ ಆರಂಭದಲ್ಲಿ ಶಿರಸಿ-ಹೊನ್ನಾವರದ ಕಾಡುಗಳನ್ನು ಸುತ್ತಿ 32 ಗುಂಪು, ಆರುನೂರಕ್ಕೂ ಹೆಚ್ಚು ಸಿಂಗಳೀಕ ಇವೆ ಎಂದು ತೋರಿಸುವವರೆಗೆ ಇಲ್ಲಿ ಇಷ್ಟೊಂದು ಇವೆ ಎಂದು ಹೊರಗಿನವರಿಗೆ ತಿಳಿದಿರಲಿಲ್ಲ. ಅದರ ಬೆನ್ನಿಗೆ 2011ರಲ್ಲಿ ಸುಮಾರು 300 ಚದರ ಕಿಲೋಮೀಟರಿನ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಬಂತು. 2019ರಲ್ಲಿ ಅದೂ ಶರಾವತಿ ಕಣಿವೆ ಅಭಯಾರಣ್ಯವೂ ಇನ್ನಷ್ಟು ಕಾಡೂ ಸೇರಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಈಗ ಅದೇ ಕೊಳ್ಳದಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ) ಯೋಜನೆಯ ಚರ್ಚೆ ಬಂದಾಗಲೂ ಮೊದಲು ಕೇಳಿಬರುವ ಹೆಸರು ಸಿಂಗಳೀಕದ್ದೇ.

ಹಾಗಾದರೆ ಮಂಗ ಉಳಿಸಿದರೆ ಕಪ್ಪೆ ಉಳಿಯಿತೇ? ನಮ್ಮ ಸಿದ್ದಾಪುರದ ಕತ್ತಲೆಕಾನಿನಂಥ ಜಾಗದಲ್ಲಿ, ರಾಮಪತ್ರೆ ಜಡ್ಡಿಯ (ರಾಮಪತ್ರೆ ಮರಗಳು ಬೆಳೆಯುವ ಜೌಗಿನ) ಕೆಸರಿನಲ್ಲಿ ಮಂಡಿಯೂರಿದ ಹಾಗೆ ಬೇರುಗಳು ಎದ್ದಿರುವಲ್ಲಿ, ಹೌದು. ಮೇಲೆ ನೆತ್ತಿ ಮುಚ್ಚಿದ ಕಾಡು, ಕೆಳಗೆ ಬತ್ತದ ನೀರು, ಇಬ್ಬರಿಗೂ ಬೇಕಾದದ್ದು ಒಂದೇ ಕಡೆ ಇದೆ. ಆದರೆ ಕೊಡೆಗೆ ತೂತುಗಳಿವೆ. ಅಭಯಾರಣ್ಯದ ಗಡಿಯ ಕಲ್ಲು ಹಾಕುವಾಗ ನೋಡುವುದು ದೊಡ್ಡ ಕಾಡನ್ನು. ತೋಟದ ಕೆಳಗಿನ ಮೊಣಕಾಲುದ್ದದ ಹಳ್ಳ, ಬೆಟ್ಟದ ಅಂಚಿನ ನಾಲ್ಕು ಹಳೆಯ ಮರ, ರಸ್ತೆಯ ಮೋರಿಯ ಹಿಂದಿನ ಹೊಂಡ ಯಾವ ನಕಾಶೆಯಲ್ಲಿಯೂ ಬರುವುದಿಲ್ಲ. ಕಪ್ಪೆಗೆ ಅವೂ ಲೆಕ್ಕ. ತಿರುಗುಮುರುಗಾಗಿ ಕೇಳಿದರೆ, ಕಪ್ಪೆಯ ಹೊಂಡಗಳನ್ನಷ್ಟೇ ಉಳಿಸಿದರೆ ಮಂಗಕ್ಕೆ ಎಳ್ಳಷ್ಟೂ ಸಾಲದು, ಅದಕ್ಕೆ ಗುಂಪಿಂದ ಗುಂಪಿಗೆ ಮುರಿಯದ ಕೊಂಬೆಯ ದಾರಿ ಬೇಕು. ಮಕ್ಕಳಿಗೆ ಎರಡು ಪಾರದರ್ಶಕ ಹಾಳೆಯಲ್ಲಿ ಎರಡು ನಕಾಶೆ ಬಿಡಿಸಿ ಒಂದರ ಮೇಲೊಂದು ಇಡಲು ಹೇಳಿ: ಒಂದರಲ್ಲಿ ಮರದ ನೆತ್ತಿ, ಇನ್ನೊಂದರಲ್ಲಿ ನೀರು. ಊರಿನ ಸುತ್ತಲಿನ ಎರಡು ಕಿಲೋಮೀಟರ್ ಸಾಕು. ಎಲ್ಲಿ ಕೂಡುತ್ತವೆ, ಎಲ್ಲಿ ಕೂಡುವುದಿಲ್ಲ ಎಂಬುದನ್ನು ನೀವು ಹೇಳುವುದೇ ಬೇಡ.

ಕಾನೂನಿನ ವಿಷಯ ಒಂದೇ ಸಾಲಿನಲ್ಲಿ ಬರೆದರೆ ಸಾಕು: ಸಿಂಗಳೀಕ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ, ಅಂತರರಾಷ್ಟ್ರೀಯ ವ್ಯಾಪಾರ ತಡೆಯುವ ಸೈಟ್ಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಹಿಡಿಯುವವರನ್ನು, ಮಾರುವವರನ್ನು ಕಾನೂನು ತಡೆಯಬಲ್ಲದು. ಹಳ್ಳಕ್ಕೆ ಮಣ್ಣು ತುಂಬುವುದನ್ನು ಹಾಗೆ ತಡೆಯಲಾಗದು.

ಕೊನೆಗೆ ಒಂದೆರಡು ಸಣ್ಣ ಮಾತು. ನೋಡಿದ್ದನ್ನು ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿ, ಮುಖ್ಯವಾಗಿ ಕಪ್ಪೆಯದ್ದು. ಒಂದು ಸರಿಯಾದ ಫೋಟೋ, ತಾರೀಖು, ಜಾಗ ಅಂದರೆ ಅದರ ನಕಾಶೆಗೆ ಒಂದು ಚುಕ್ಕಿ. ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಐನ್ಯಾಚುರಲಿಸ್ಟ್ ತಾನೇ ಮಸುಕು ಮಾಡುತ್ತದೆ. ವಾಟ್ಸ್ಆ್ಯಪ್ ಸ್ಟೇಟಸ್ಸು ಮಾಡುವುದಿಲ್ಲ, ಅಲ್ಲಿ ಊರಿನ ಹೆಸರು ಹಾಕಬೇಡಿ. ಚಾರ್ಟಿಗೆ ಅಂಟಿಸುವ ಫೋಟೋವನ್ನು ನಿಮ್ಮ ಟೀಚರ್ ಕೊಟ್ಟರೂ ಎರಡು ಸಲ ಪರೀಕ್ಷಿಸಿ. ಮತ್ತೆ ಮಳೆಗಾಲದಲ್ಲಿ ಚಾರ್ಟನ್ನು ಲ್ಯಾಬಿನ ಗೋಡೆಗೆ ಅಂಟಿಸಿ ಬಿಡಬೇಡಿ. ನಮ್ಮ ವೃತ್ತದಲ್ಲಿ ಜುಲೈಯಿಂದ ಸೆಪ್ಟೆಂಬರ್ ತನಕದ ಹೋಳು ಈಗ ಪೂರ್ತಿ ಬೂಷ್ಟು.